ಗೋಡೆಯ ಕಡೆಗಿದ್ದ ಕುಂಕುಮ

“ಟಾರ್ಚು ಸ್ವಲ್ಪ ಕೆಳಗೆ ಹಿಡಿ ಮಾರಾಯ್ತಿ! ನನ್ನ ಮುಖಕ್ಕಲ್ಲ, ಮೋಟಾರಿಗೆ!”

ಪ್ರಿಯಂವದಾ ಕಾಮತ್ ಅಡುಗೆಮನೆಯ ನೆಲದ ಮೇಲೆ ಅಕ್ಕಿಯ ಗೋಣಿ ಹಾಸಿಕೊಂಡು ಮಗ್ಗುಲಾಗಿ ಮಲಗಿದ್ದಳು. ಬ್ಯಾಂಕಿನಿಂದ ನಿವೃತ್ತಳಾದ ಹೆಂಗಸು, ಸಾಲದ್ದಕ್ಕೆ ಬೆನ್ನುನೋವಿನವಳು, ಕೋಲ್ಕತ್ತದ ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಪಕ್ಕದ ಉಡುಪಿ ಹೋಟೆಲಿನ ಗ್ರೈಂಡರಿನಡಿ ತಲೆ ತೂರಿಸಿ ಮಲಗುವುದೆಂದರೆ! ಆದರೆ ಅವಳ ಮಟ್ಟಿಗೆ ಕುತೂಹಲ ಎನ್ನುವುದು ಬೆನ್ನುನೋವಿಗಿಂತ ದೊಡ್ಡ ಕಾಯಿಲೆ.

ಕಳೆದ ಏಕಾದಶಿಯಂದು ಇದೇ ಗ್ರೈಂಡರಿನಿಂದ ಕರೆಂಟು ಹೊಡೆದು ಅಡುಗೆಯ ಅಣ್ಣಪ್ಪ ಆಸ್ಪತ್ರೆ ಸೇರಿದ್ದ. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಹಳೇ ಮೋಟಾರು, ಇಲಿ ಕಡಿದ ತಂತಿ, ಮಾಲೀಕನ ಅಸಡ್ಡೆ ಎಂದು ಪೊಲೀಸರು ಬರೆದುಕೊಂಡು ಹೋಗಿದ್ದರು. ಇವತ್ತು ಸಂಜೆಯೊಳಗೆ ಮಾಲೀಕ ಮುರಾರಿ ಠಾಣೆಗೆ ಹಾಜರಾಗಬೇಕು. ಹೋದರೆ ಒಳಗೇ ಇಟ್ಟುಕೊಳ್ಳುತ್ತಾರೆ ಎಂಬುದು ಇಡೀ ಪಾಡಾಕ್ಕೇ, ಅಂದರೆ ಸುತ್ತಲಿನ ಕೇರಿಗೆಲ್ಲ, ಗೊತ್ತಿತ್ತು.

ಟಾರ್ಚು ಹಿಡಿದವಳು ಮುರಾರಿಯ ಹೆಂಡತಿ ರತ್ನಾವತಿ.

ಪ್ರಿಯಂವದಾ ಮೋಟಾರಿನ ಪಕ್ಕಕ್ಕಿದ್ದ ಪುಟ್ಟ ಪೆಟ್ಟಿಗೆಯ ಮುಚ್ಚಳ ತೆಗೆದಳು. ಹೊರಗಿನ ತಂತಿಗಳು ಬಂದು ಮೋಟಾರಿಗೆ ಸೇರುವ ಜಾಗ ಅದು. ಕೆಂಪು ತಂತಿಯ ಮೇಲಿನ ಪ್ಲಾಸ್ಟಿಕ್ಕು ಒಂದು ಕಡೆ ಸುಲಿದುಹೋಗಿ, ಒಳಗಿನ ತಾಮ್ರ ಕಬ್ಬಿಣಕ್ಕೆ ತಾಗಿಕೊಂಡಿತ್ತು. ಹಸಿರು ತಂತಿ ತುಂಡಾಗಿತ್ತು. ತುಂಡಾದದ್ದಷ್ಟೇ ಅಲ್ಲ, ತುದಿಯನ್ನು ನೀಟಾಗಿ ಮಡಚಿ ಪೆಟ್ಟಿಗೆಯ ಮೂಲೆಗೆ ಸಿಕ್ಕಿಸಲಾಗಿತ್ತು.

“ಪೊಲೀಸರ ಇಲಿಗೆ ಎಂತ ಬುದ್ಧಿ ಅಲ್ವಾ! ಕಡಿದಾದ ಮೇಲೆ ಮಡಚಿ ಬೇರೆ ಇಟ್ಟಿದೆ. ಆಮೇಲೆ ಮುಚ್ಚಳ ಹಾಕಿ, ಸ್ಕ್ರೂ ಬಿಗಿದು ಹೋಗಿದೆ.”

“ಹಾಗಂದ್ರೆ ಎಂತ ಪ್ರಿಯಕ್ಕ?”

“ಇಲಿ ಅಲ್ಲ ರತ್ನಾ. ಮನುಷ್ಯರು ಮಾಡಿದ್ದು. ಈ ಹಸಿರು ತಂತಿ ಸರಿ ಇದ್ದಿದ್ರೆ, ಮೋಟಾರಿನ ಮೈಗೆ ಬಂದ ಕರೆಂಟು ನೆಲಕ್ಕೆ ಇಳಿದು ಫ್ಯೂಸ್ ಹೋಗ್ತಿತ್ತು. ಅದನ್ನು ಕತ್ತರಿಸಿದ್ರಿಂದ ಅಣ್ಣಪ್ಪನ ಮೈಯಲ್ಲಿ ಇಳಿಯಿತು.”

ರತ್ನಾವತಿ ಟಾರ್ಚು ಕೆಳಗಿಟ್ಟು ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತಳು. “ಅಯ್ಯೋ ದೇವರೇ. ಆ ಪಾಪದವನಿಗೆ ಯಾರು ಹಾಗೆ ಮಾಡ್ತಾರೆ?”

ಪ್ರಿಯಂವದಾ ಟಾರ್ಚನ್ನು ತಾನೇ ಎತ್ತಿಕೊಂಡಳು. ಬ್ಯಾಂಕಿನಲ್ಲಿದ್ದಾಗ ಅಡವಿಟ್ಟ ಯಂತ್ರಗಳನ್ನು ನೋಡಿ ಬರುವುದು ಅವಳ ಪಾಲಿನ ಕೆಲಸವಾಗಿತ್ತು. ಹೌರಾದ ಎಷ್ಟೋ ಕಾರ್ಖಾನೆಗಳಲ್ಲಿ ಹೊಸ ಮೋಟಾರನ್ನು ಮಾರಿ, ಅದರ ಜಾಗದಲ್ಲಿ ಹಳೆಯದನ್ನು ಕೂರಿಸಿ, ಮೇಲೆ ಬಣ್ಣ ಬಳಿದು, ಮುಂದೆ ರಸಗುಲ್ಲ ಇಟ್ಟು ಕಾಯುತ್ತಿದ್ದ ಮಹಾನುಭಾವರಿದ್ದರು. ರಸಗುಲ್ಲ ತಿಂದು ಮುಗಿಸಿ ಆಮೇಲೆ ಮೋಟಾರಿನ ಹಿಂಭಾಗ ನೋಡುವುದು ಅವಳ ಕ್ರಮ. ಎದುರಿಗೆ ಎಲ್ಲರೂ ಒಪ್ಪಮಾಡಿ ಇಡುತ್ತಾರೆ, ಹಿಂಭಾಗವನ್ನು ಮರೆಯುತ್ತಾರೆ.

ಕೈಚೀಲದಿಂದ ಪುಟ್ಟ ಕನ್ನಡಿ ತೆಗೆದು ಮೋಟಾರಿಗೂ ಗೋಡೆಗೂ ನಡುವಿನ ಸಂದಿಗೆ ತೂರಿಸಿದಳು. ಅಂಗೈ ಕೂಡ ಹೋಗದಷ್ಟು ಕಿರಿದು ಸಂದಿ. ಕನ್ನಡಿಯಲ್ಲಿ ಕೆಂಪಗೆ ಏನೋ ಕಾಣಿಸಿತು.

“ರತ್ನಾ, ಆಯುಧಪೂಜೆಗೆ ನೀನು ಮೋಟಾರಿಗೆ ಕುಂಕುಮ ಎಲ್ಲಿ ಹಚ್ಚುದು?”

“ಎದುರಿಗೆ. ಮೊದಲು ಗಂಧ, ಅದರ ಮೇಲೆ ಕುಂಕುಮ. ಅತ್ತೆ ಇರುವಾಗಿಂದ ಹಾಗೇ. ತಗಡು ತೆಗೆದು ಕೈ ಹಾಕಿದ್ರೆ ಎಲ್ಲಿಗೆ ಎಟಕ್ತದೋ ಅಲ್ಲಿಗೆ.”

“ಎದುರಿಗೆ ಎಂತದೂ ಇಲ್ಲ. ಕುಂಕುಮ ಇರುವುದು ಗೋಡೆಯ ಕಡೆ.”

“ಅದು ಹೇಗೆ? ಅಲ್ಲಿಗೆ ಕೈಯೇ ಹೋಗುದಿಲ್ಲ!”

“ಅದೇ ನಾನೂ ಕೇಳುದು.” ಪ್ರಿಯಂವದಾಳ ಕಣ್ಣು ಮಿನುಗಿತು. ಮೂಲೆಯ ಪೊರಕೆಯಿಂದ ಒಂದು ಹಿಡಿಕಡ್ಡಿ ತೆಗೆದು ಸಂದಿಗೆ ಹಾಕಿ ಕುಂಕುಮವನ್ನು ಕೆರೆದಳು. ಮೇಲಿನ ಪುಡಿ ಉದುರಿತು. ಅದರಡಿಯಲ್ಲಿ ಇನ್ನೊಂದು ಬಣ್ಣವಿತ್ತು, ಕಿತ್ತಳೆ ಕೆಂಪು. ಅದು ಉದುರಲಿಲ್ಲ, ಕಡ್ಡಿಯ ತುದಿಗೆ ಅಂಟಿಕೊಂಡು ಬಂತು. ಮೂಸಿದಳು. ಸಾಸಿವೆ ಎಣ್ಣೆ!

ಎಣ್ಣೆಯಲ್ಲಿ ಕಲಸಿದ ಸಿಂಧೂರ. ಈ ಊರಿನ ವರ್ಕ್‌ಶಾಪುಗಳಲ್ಲಿ ವಿಶ್ವಕರ್ಮ ಪೂಜೆಗೆ ಯಂತ್ರಗಳಿಗೆ ಬಳಿಯುವಂಥದ್ದು. ಮೊನ್ನೆ ಮೊನ್ನೆ ಆದ ಹಬ್ಬ; ಆ ದಿನ ಊರೆಲ್ಲ ಹಾರಿಸಿದ ಗಾಳಿಪಟಗಳಲ್ಲಿ ಕೊನೆಯವು ಇನ್ನೂ ಕರೆಂಟು ಕಂಬಗಳಲ್ಲಿ ನೇತಾಡುತ್ತಿದ್ದವು. ನಮ್ಮವರ ಆಯುಧಪೂಜೆಗೆ ಇನ್ನೂ ದಿನವಿತ್ತು.

“ರತ್ನಾ, ಇದು ನಿಮ್ಮ ಮೋಟಾರೇ ಅಲ್ಲ.”

ಹಿಂದೆ ಯಾರೋ ಕೆಮ್ಮಿದರು. ಬಾಗಿಲಲ್ಲಿ ಮುರಾರಿ ನಿಂತಿದ್ದ. ಒಗೆದ ಪಂಚೆ, ಕೈಯಲ್ಲೊಂದು ಬಟ್ಟೆಯ ಚೀಲ. ಚೀಲದಿಂದ ಟವೆಲಿನ ಅಂಚು ಇಣುಕುತ್ತಿತ್ತು. ಠಾಣೆಯಲ್ಲಿ ಮಲಗುವ ತಯಾರಿ ಅದು.

“ಬಿಡಿ ಪ್ರಿಯಕ್ಕ,” ಎಂದ. “ಆ ಮೋಟಾರು ಬಿಚ್ಚಿ ಎಂತ ಪ್ರಯೋಜನ? ನನ್ನ ಹೋಟೆಲು, ನನ್ನ ಜವಾಬ್ದಾರಿ. ಅಣ್ಣಪ್ಪನನ್ನು ಒಮ್ಮೆ ನೋಡಿ, ಹಾಗೇ ಹೋಗಿ ಕೂತ್ಕೊಳ್ತೇನೆ.”

“ನಿಮ್ಮದಲ್ಲದ ಮೋಟಾರಿಗೆ ನೀವು ಯಾಕೆ ಒಳಗೆ ಹೋಗ್ಬೇಕು?” ರತ್ನಾವತಿ ಧಡಕ್ಕನೆ ಎದ್ದಳು. “ಪ್ರಿಯಕ್ಕ ಹೇಳುದು ಕೇಳಿ!”

ಮುರಾರಿ ಕೇಳಲಿಲ್ಲ. ಹೊರಗೆ ಹೋಗಿ ಚಪ್ಪಲಿ ಹುಡುಕತೊಡಗಿದ. ಎಂಥಾ ಸಾಧು ಮನುಷ್ಯ ಎಂದು ಪ್ರಿಯಂವದಾಳ ಕರುಳು ಚುರುಕ್ ಎಂದಿತು.

“ಸರಿ ರತ್ನಾ, ಆವತ್ತಿನದ್ದು ಇನ್ನೊಮ್ಮೆ ಹೇಳು. ಏಕಾದಶಿಗೆ ಅಣ್ಣಪ್ಪನಿಗೆ ರಜೆ ಅಲ್ವಾ?”

ಹೌದು, ರಜೆ. ಈ ಹೋಟೆಲಿನಲ್ಲಿ ಏಕಾದಶಿಯೆಂದರೆ ಮನೆಯವರಿಗೆ ಮಾತ್ರವಲ್ಲ, ಗ್ರೈಂಡರಿಗೂ ಉಪವಾಸ. ಅಕ್ಕಿ ಬೀಳುವುದಿಲ್ಲ. ಆ ದಿನ ರತ್ನಾವತಿಯೇ ಸೆರಗು ಸಿಕ್ಕಿಸಿಕೊಂಡು, ನೀರು ಹೊಯ್ದು, ಗ್ರೈಂಡರನ್ನು ಖಾಲಿ ತಿರುಗಿಸಿ ತೊಳೆಯುತ್ತಾಳೆ. ಅತ್ತೆ ಹಾಕಿಕೊಟ್ಟ ಪದ್ಧತಿ. ಬೇರೆಯವರು ಮುಟ್ಟುವ ಹಾಗಿಲ್ಲ.

“ಇವರು ಅವನನ್ನು ಬೆಳಿಗ್ಗೆಯೇ ಬಾರಾನಗರಕ್ಕೆ ಕಳಿಸಿದ್ರು, ಬಾಳೆಲೆ ತರ್ಲಿಕ್ಕೆ. ಅವ ಅರ್ಧ ದಾರಿಯಿಂದ ವಾಪಸ್ ಬಂದ. ನಾನು ಆಗಷ್ಟೇ ಸ್ವಿಚ್ ಹಾಕಿ ಕೊಡಪಾನ ಎತ್ತಿದ್ದೆ. ‘ಅಕ್ಕಾ’ ಅಂತ ಕಿರುಚಿ ಓಡಿ ಬಂದು, ನನ್ನನ್ನು ಆಚೆ ತಳ್ಳಿ, ಗೋಡೆಯ ಪ್ಲಗ್ಗಿಗೆ ಕೈ ಹಾಕ್ಲಿಕ್ಕೆ ಹೋದ. ಕಾಲು ಜಾರಿ ಮೋಟಾರಿನ ತಗಡಿಗೆ ಕೈ ಕೊಟ್ಟ. ಅಷ್ಟೇ.” ರತ್ನಾವತಿ ಸೆರಗಿನಿಂದ ಮೂಗು ಒರೆಸಿದಳು. “ನಾನು ಬಿದಿರಿನ ದಬ್ಬೆಯಿಂದ ಹೊಡೆದು ಬಿಡಿಸಿದೆ. ಇಲ್ಲದಿದ್ರೆ ಅಲ್ಲೇ ಹೋಗ್ತಿದ್ದ.”

“ಅರ್ಧ ದಾರಿಯಿಂದ ಯಾಕೆ ಬಂದ?”

“ಹೇಳ್ಲಿಕ್ಕೆ ಅವನಿಗೆ ಎಚ್ಚರ ಎಲ್ಲುಂಟು?”

ಆ ಪ್ರಶ್ನೆಯನ್ನು ಪ್ರಿಯಂವದಾ ಒಂದು ಕಡೆ ಎತ್ತಿಟ್ಟಳು. ಈಗ ಮೊದಲು ಬೇಕಾದದ್ದು ಕಳೆದುಹೋದ ಮೋಟಾರು. ಸಿಂಧೂರದ ಮೇಲೆ ಕುಂಕುಮ ಬಳಿದವನು ನಮ್ಮವನೇ ಇರಬೇಕು. ಕುಂಕುಮ ಕಾಣದಿದ್ದರೆ ರತ್ನಾವತಿಗೆ ಗೊತ್ತಾಗುತ್ತದೆ ಎಂದು ಹೆದರುವಷ್ಟು ಮನೆಯ ಒಳಗಿನವನು. ಆದರೆ ಅವಸರದವನು, ಮೋಟಾರು ನೆಲದ ಮೇಲಿರುವಾಗಲೇ ಕುಂಕುಮ ಹಚ್ಚಿ, ಆಮೇಲೆ ಕೂರಿಸಿದ್ದ. ಎದುರು ಯಾವುದು, ಹಿಂದೆ ಯಾವುದು ಎಂದು ಯೋಚಿಸಿರಲಿಲ್ಲ.

“ಈ ಗ್ರೈಂಡರಿನಂಥದ್ದು ಕೋಲ್ಕತ್ತದಲ್ಲಿ ಬೇರೆ ಯಾರ ಹತ್ರ ಉಂಟು?”

“ಇದು ಕೊಯಮತ್ತೂರಿನಿಂದ ತರಿಸಿದ್ದು. ಜೋಡಿ ತರಿಸಿದ್ದು. ಇನ್ನೊಂದು...” ರತ್ನಾವತಿಯ ಬಾಯಿ ತೆರೆದೇ ಉಳಿಯಿತು. “ಇನ್ನೊಂದು ಶ್ರೀರಾಮನ ಹತ್ರ!”

ಶ್ರೀರಾಮನೆಂದರೆ ಮುರಾರಿಯ ತಮ್ಮ. ಕಸ್ಬಾದಲ್ಲಿ ಕೇಟರಿಂಗ್ ನಡೆಸುತ್ತಾನೆ. ತಾಯಿ ತೀರಿಕೊಂಡ ಮೇಲೆ ಅಣ್ಣತಮ್ಮಂದಿರ ನಡುವೆ ಮಾತಿಲ್ಲ.

*

ಕಸ್ಬಾಕ್ಕೆ ಹೋಗುವ ದಾರಿಯುದ್ದಕ್ಕೂ ದುರ್ಗಾಪೂಜೆಯ ಪೆಂಡಾಲುಗಳ ಬಿದಿರು ಎದ್ದು ನಿಂತಿತ್ತು. ಆಟೋ ಆಮೆಯಂತೆ ಸಾಗಿತು. ಪ್ರಿಯಂವದಾ ಎರಡು ಸಲ ಇಳಿದು ನಡೆದೇಬಿಡೋಣ ಎಂದುಕೊಂಡು, ಬೆನ್ನಿನ ನೆನಪಾಗಿ ಸುಮ್ಮನೆ ಕುಳಿತಳು.

ಶ್ರೀರಾಮನ ಅಡುಗೆಮನೆಯ ಸದ್ದು ಬೀದಿಗೇ ಕೇಳುತ್ತಿತ್ತು. ಹಬ್ಬದ ಆರ್ಡರುಗಳ ಹೊತ್ತು. ಸಾಂಬಾರು ಕೊತಕೊತ ಕುದಿಯುತ್ತಿತ್ತು, ಗ್ರೈಂಡರು ಗರಗರ ತಿರುಗುತ್ತಿತ್ತು. ಶ್ರೀರಾಮ ಅವಳನ್ನು ನೋಡಿ ಮುಖವರಳಿಸಿದ. ಆದರೆ ಅವನ ಕಣ್ಣು ಕುಳಿಬಿದ್ದಿತ್ತು.

“ಓಹೋ ಪ್ರಿಯಕ್ಕ! ಬನ್ನಿ ಬನ್ನಿ. ಕಾಫಿ ಕುಡಿತೀರಾ?”

“ಕುಡಿತೇನೆ. ಆ ಗ್ರೈಂಡರ್ ಒಮ್ಮೆ ನಿಲ್ಸು, ಮಾತು ಕೇಳುದಿಲ್ಲ.”

ಗ್ರೈಂಡರು ನಿಂತಿತು. ಕಾಫಿ ಬಂತು. ಪ್ರಿಯಂವದಾ ಆರಾಮವಾಗಿ, ಆರಿಸಿಕೊಂಡು, ಕೊನೆಯ ಗುಟುಕಿನವರೆಗೂ ಕುಡಿದಳು. ಆಮೇಲೆ ಲೋಟ ಕೆಳಗಿಟ್ಟು, “ಈಗ ಮತ್ತೆ ಶುರು ಮಾಡು,” ಎಂದಳು.

ಶ್ರೀರಾಮ ಸ್ವಿಚ್ ಹಾಕಿದ. ಮೋಟಾರು ಹೊರಡುವ ಮೊದಲು ಖೊಕ್ ಖೊಕ್ ಎಂದಿತು, ಆಮೇಲೆ ತಿರುಗಿತು. ಲೇಕ್ ಗಾರ್ಡನ್ಸಿನ ಹೋಟೆಲಿನಲ್ಲಿ ಎಷ್ಟೋ ವರ್ಷ ಬೆಳಗಿನ ದೋಸೆಗೆ ಕಾದು ಕುಳಿತವಳಿಗೆ ಆ ಕೆಮ್ಮು ಅಪರಿಚಿತವೇ?

“ರತ್ನಾವತಿಯ ಮೋಟಾರಿಗೆ ಕಸ್ಬಾದ ಹವೆ ಒಗ್ಗಿದ ಹಾಗೆ ಕಾಣ್ತದೆ.”

“ಎಂತ ಪ್ರಿಯಕ್ಕ, ತಮಾಷೆ ಮಾಡ್ತೀರಿ!” ಶ್ರೀರಾಮ ನಕ್ಕ. ಒಣ ನಗು. “ಇದು ನನ್ನದೇ. ಎರಡೂ ಒಂದೇ ಕಂಪೆನಿಯದ್ದು, ಸದ್ದೂ ಒಂದೇ.”

ಪ್ರಿಯಂವದಾ ಪ್ಲಗ್ ಕಿತ್ತಳು. ಕನ್ನಡಿ ತೆಗೆದು ಮೋಟಾರಿನ ಹಿಂದಕ್ಕೆ ಹಿಡಿದಳು. ಇಲ್ಲಿ ಗ್ರೈಂಡರು ಕೂತದ್ದು ಲೇಕ್ ಗಾರ್ಡನ್ಸಿಗೆ ತದ್ವಿರುದ್ಧವಾಗಿ. ಅಲ್ಲಿ ಎದುರಾಗುವ ಮಗ್ಗುಲು ಇಲ್ಲಿ ಗೋಡೆಗೆ ಬರುತ್ತದೆ. ಕನ್ನಡಿಯಲ್ಲಿ ಹಳೆಯ ಗಂಧದ ಕಲೆಗಳು ಒಂದರ ಮೇಲೊಂದು ಕಂಡವು. ಅಂಚಿನಲ್ಲಿ ಬೆರಳಿನ ಗುರುತು ಕೂಡ.

“ಬಾ ಇಲ್ಲಿ. ನೋಡು. ಈ ಗಂಧ ಹಚ್ಚಿದ್ದು ಯಾರು?”

“ವಿಜೇತಾ... ನನ್ನ ಹೆಂಡ್ತಿ. ಹೋದ ವರ್ಷ ನವಮಿಗೆ.”

“ನಿನ್ನ ಹೆಂಡ್ತಿ ಗೋಡೆಯೊಳಗಿಂದ ಕೈ ಹಾಕಿದ್ಳಾ?”

ಶ್ರೀರಾಮ ಬಗ್ಗಿ ಖಾಲಿ ಲೋಟ ಎತ್ತಿಕೊಂಡ.

“ಅಲ್ಲಿ ನೀನು ಕುಂಕುಮ ಹಚ್ಚಿದ್ದು ನಿನ್ನ ಅಡುಗೆಮನೆಯ ಲೆಕ್ಕದಲ್ಲಿ. ಇಲ್ಲಿ ಯಾವ ಮಗ್ಗುಲು ಎದುರಿಗೆ ಬರ್ತದೋ ಅದಕ್ಕೆ. ಅಣ್ಣನ ಮನೆಯಲ್ಲಿ ಅದು ಗೋಡೆಗೆ ಬಂತು. ಗಂಧವೂ ಮರೆತೆ. ಹೇಳು ಶ್ರೀರಾಮ. ಸಂಜೆ ನಿನ್ನ ಅಣ್ಣ ಜೈಲಿಗೆ ಹೋಗ್ತಾನೆ.”

ಅವನು ಅಕ್ಕಿಯ ಡಬ್ಬದ ಮೇಲೆ ಕುಸಿದ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

“ನನ್ನ ಮೋಟಾರು ಸುಟ್ಟುಹೋಯ್ತು ಪ್ರಿಯಕ್ಕ. ಬಾರಾನಗರದಲ್ಲಿ ವೈಂಡಿಂಗ್ ಮಾಡಿಸಿ ತಂದೆ. ಮೈಗೆ ಹೊಸ ಪೇಂಟ್ ಮಾಡಿ, ಪೂಜೆಯ ಸಿಂಧೂರ ಹಚ್ಚಿ ಕೊಟ್ರು. ಆದ್ರೆ ಸ್ವಲ್ಪ ಹೊತ್ತು ಓಡಿದ್ರೆ ಬಿಸಿ ಆಗ್ತದೆ. ನನ್ನದು ದಿನವಿಡೀ ಅರೆಯುವ ಕೆಲಸ. ಅಣ್ಣನಿಗೆ ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು. ಅವನಿಗೆ ಅದು ಸಾಕು ಅಂತ...”

“ಕೇಳಬಾರದಿತ್ತಾ?”

“ಕೇಳ್ಲಿಕ್ಕೆ ಮಾತು ಬೇಕಲ್ಲ! ಮತ್ತೆ ಅಮ್ಮನ ಕಟ್ಟುಪಾಡು ನಿಮ್ಗೆ ಗೊತ್ತುಂಟು. ಒಮ್ಮೆ ಪೂಜೆ ಆದ ಯಂತ್ರ ಮುಂದಿನ ನವಮಿವರೆಗೆ ಹೊಸಿಲು ದಾಟಬಾರದು. ಅತ್ತಿಗೆ ಬಿಡ್ತಾರಾ? ಅಣ್ಣ ಅತ್ತಿಗೆ ಇಬ್ಬರೂ ಭಜನೆಗೆ ಹೋದಾಗ ಹೋಗಿ ಬದಲಾಯಿಸಿದೆ. ಅಣ್ಣಪ್ಪನೇ ಬಾಗಿಲು ತೆಗೆದ. ಯಾರಿಗೂ ಹೇಳ್ಬೇಡ ಅಂತ ಕೈ ಮುಗಿದೆ. ನವಮಿಗೆ ಮೊದಲು ವಾಪಸ್ ಹಾಕ್ತಿದ್ದೆ, ಅಮ್ಮನಾಣೆ!”

ಮೋಟಾರಿನ ಕಳ್ಳ ಸಿಕ್ಕಿದ್ದ. ಕದ್ದವನ ಮುಖ ನೋಡಿದರೆ ಬೈಯಲು ಮನಸ್ಸು ಬರುವಂತಿರಲಿಲ್ಲ.

“ಅವ ಬಿದ್ದ ದಿನದಿಂದ ಅನ್ನ ಇಳಿಯುದಿಲ್ಲ ಅಕ್ಕ. ನನ್ನ ಮೋಟಾರು. ನಾನೇ ಕೊಂದ ಹಾಗಲ್ವಾ?”

“ಹಸಿರು ತಂತಿ ಹಾಕಿದ್ಯಾ ನೀನು?”

“ಹಾಕದೆ? ಫೋಟೋ ಉಂಟು!” ಅವನು ಮೊಬೈಲಿನಲ್ಲಿ ಹುಡುಕಿದ. “ವಾಪಸ್ ಹಾಕುವಾಗ ಯಾವ ತಂತಿ ಎಲ್ಲಿ ಅಂತ ಮರೀಬಾರದಲ್ಲ. ಮುಚ್ಚಳ ಹಾಕುವ ಮೊದಲು ತೆಗೆದೆ.”

ಪ್ರಿಯಂವದಾ ಕನ್ನಡಕ ಹಾಕಿಕೊಂಡಳು. ಅದೇ ಪುಟ್ಟ ಪೆಟ್ಟಿಗೆ. ಕೆಂಪು ತಂತಿ ಗಾಯವಿಲ್ಲದೆ ಮೈತುಂಬ ಪ್ಲಾಸ್ಟಿಕ್ ಹೊದ್ದಿತ್ತು. ಹಸಿರು ತಂತಿ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಮತ್ತೆ ಮತ್ತೆ ನೋಡಿದಳು.

“ಏಳು,” ಎಂದಳು ಮೆಲ್ಲಗೆ. “ನೀನು ಮಾಡಿದ್ದಲ್ಲ. ನೀನು ಹೋದ ಮೇಲೆ ಬೇರೆ ಯಾರೋ ಆ ಮುಚ್ಚಳ ತೆಗೆದಿದ್ದಾರೆ. ಕೆಂಪನ್ನು ಸುಲಿದು, ಹಸಿರನ್ನು ಕತ್ತರಿಸಿದ್ದಾರೆ.”

ಶ್ರೀರಾಮ ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ, ಇಷ್ಟು ದೊಡ್ಡ ಗಂಡಸು, ಸೊಂಟದ ಟವೆಲಿನಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತ. ಪ್ರಿಯಂವದಾ ಅವನ ಬೆನ್ನು ತಟ್ಟಿದಳು.

“ನಡೀರಿ ಠಾಣೆಗೆ!” ಅವನು ಕಣ್ಣೊರೆಸಿಕೊಂಡು ಎದ್ದ. “ಬೊಡೊಬಾಬುವಿಗೆ, ಅಲ್ಲಿಯ ದೊಡ್ಡ ಸಾಹೇಬರಿಗೆ, ನಾನೇ ಹೇಳ್ತೇನೆ. ಮೋಟಾರು ಬದಲಾಯಿಸಿದ್ದು ನಾನು, ಅಣ್ಣನಿಗೆ ಗೊತ್ತೇ ಇಲ್ಲ ಅಂತ. ಫೋಟೋ ತೋರಿಸ್ತೇನೆ. ನನ್ನನ್ನು ಹಿಡ್ಕೊಂಡ್ರೂ ಚಿಂತಿಲ್ಲ, ಅಣ್ಣ ಇವತ್ತು ರಾತ್ರಿ ಮನೆಯಲ್ಲಿ ಮಲಗಲಿ.”

ಅವನು ಸ್ಕೂಟರಿನ ಕೀಲಿ ತರಲು ಒಳಗೆ ಓಡಿದ. ಪ್ರಿಯಂವದಾ ಸೀರೆ ಕೊಡವಿ ಎದ್ದಳು. ಕೆಲಸ ಮುಗಿದಂತೆ ಅವಳಿಗೆ ಹಿತವಾಗಿತ್ತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ರತ್ನಾವತಿ.

“ಪ್ರಿಯಕ್ಕಾ! ಅಣ್ಣಪ್ಪ ಕಣ್ಣು ಬಿಟ್ಟ!” ಅಳುವೋ ನಗುವೋ ತಿಳಿಯದ ದನಿ. “ನಾನೂ ಇವರ ಜೊತೆ ಆಸ್ಪತ್ರೆಗೆ ಬಂದಿದ್ದೆ, ಪಕ್ಕದಲ್ಲೇ ಇದ್ದೆ. ಮೊದಲು ಎಂತ ಕೇಳಿದ ಗೊತ್ತುಂಟಾ? ನೀರು ಕೇಳ್ಲಿಲ್ಲ, ಮನೆಯವರನ್ನು ಕೇಳ್ಲಿಲ್ಲ. ‘ಅಕ್ಕ, ನೀವು ಮುಟ್ಟಲಿಲ್ಲ ಅಲ್ವಾ?’ ಅಂತ ಕೇಳಿದ!”

ಪ್ರಿಯಂವದಾ ಮತ್ತೆ ಅಕ್ಕಿಯ ಡಬ್ಬದ ಮೇಲೆ ಕುಳಿತಳು.

ಹಾಗಾದರೆ ಅಣ್ಣಪ್ಪನಿಗೆ ಮೊದಲೇ ಗೊತ್ತಿತ್ತು. ಮೋಟಾರಿನ ಬಳಿ ಯಾರನ್ನೋ ಕಂಡಿದ್ದು, ಅದರ ಅರ್ಥ ದಾರಿಯಲ್ಲಿ ಹೊಳೆದಿರಬೇಕು. ಬಾರಾನಗರದ ಅರ್ಧ ದಾರಿಯಿಂದ ಓಡಿ ಬಂದದ್ದು ಅದಕ್ಕೇ. ಪ್ಲಗ್ ಕೀಳಲು ಹೋದದ್ದೂ ಅದಕ್ಕೇ. ಏಕಾದಶಿಯ ದಿನ ಆ ಗ್ರೈಂಡರನ್ನು ಮುಟ್ಟುವವಳು ರತ್ನಾವತಿ ಒಬ್ಬಳೇ. ತಂತಿ ಕತ್ತರಿಸಿದ್ದು ಅಣ್ಣಪ್ಪನಿಗಾಗಿ ಅಲ್ಲ.

“ಮತ್ತೆ ಎಂತ ಹೇಳಿದ ರತ್ನಾ?”

“ಅಷ್ಟರಲ್ಲಿ ಇವರು ಒಳಗೆ ಬಂದ್ರು. ಇವರನ್ನು ಕಂಡದ್ದೇ ನನ್ನ ಕೈ ಗಟ್ಟಿ ಹಿಡ್ಕೊಂಡು ಕಣ್ಣು ಮುಚ್ಚಿಬಿಟ್ಟ. ಇನ್ನೂ ಬಿಡುದೇ ಇಲ್ಲ ಮಾರಾಯ್ರೆ, ಸುಟ್ಟ ಕೈಯಲ್ಲೇ ಹಿಡ್ಕೊಂಡಿದ್ದಾನೆ. ಪಾಪ, ಹೆದರಿದ್ದಾನೆ.”

ಅಣ್ಣಪ್ಪನನ್ನು ಬಾಳೆಲೆಗೆಂದು ಬಾರಾನಗರಕ್ಕೆ ಕಳಿಸಿದ್ದು ಯಾರು? ಮೋಟಾರು ಬಿಚ್ಚುವುದು ಬೇಡ ಎಂದದ್ದು ಯಾರು? ಬೆಳಿಗ್ಗೆ ಆ ಮನುಷ್ಯನ ಸಾಧುತನಕ್ಕೆ ಚುರುಕ್ ಎಂದಿದ್ದ ಕರುಳೇ ಈಗ ತಣ್ಣಗಾಯಿತು. ಇರಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ನಂಬಿಕೆ ಬರಲಿಲ್ಲ.

“ಹಲೋ? ಪ್ರಿಯಕ್ಕ, ಕೇಳ್ತದಾ? ಇವರು ಇಲ್ಲಿಂದ ಠಾಣೆಗೆ ಹೊರಟಿದ್ದಾರೆ. ನಿಮ್ಗೆ ಎಂತಾದ್ರೂ ಸಿಕ್ತಾ? ಇವತ್ತು ಇವರು ಮನೆಗೆ ಬರ್ಬಹುದಲ್ವಾ? ನಾನೊಬ್ಬಳೇ ಆ ಮನೆಯಲ್ಲಿ ಹೇಗೆ ಇರ್ಲಿ?”

ಶ್ರೀರಾಮ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವನ ಮೊಬೈಲು ಇನ್ನೂ ಪ್ರಿಯಂವದಾಳ ಕೈಯಲ್ಲಿತ್ತು. ಹಸಿರು ತಂತಿಯ ಆ ಫೋಟೋ ಠಾಣೆ ತಲುಪಿದರೆ ಸಾಕು, ಮುರಾರಿ ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾನೆ. ಬಡಿಸುವವಳು ರತ್ನಾವತಿ. ಮನೆಯಲ್ಲಿ ಮೂರನೆಯವರಿಲ್ಲ.

ಅವಳು ಮೊಬೈಲನ್ನು ತನ್ನ ಕೈಚೀಲಕ್ಕೆ ಹಾಕಿ ಜಿಪ್ ಎಳೆದಳು. ಶ್ರೀರಾಮ ಏನೋ ಕೇಳಲು ಬಾಯಿ ತೆರೆದ. ಸುಮ್ಮನಿರು ಎಂದು ಕೈಯೆತ್ತಿ ತಡೆದಳು.

“ಇಲ್ಲ ರತ್ನಾ,” ಎಂದಳು ಪ್ರಿಯಂವದಾ. “ಎಂತದೂ ಸಿಗ್ಲಿಲ್ಲ.”